ನಾರ್ವೆಯ ಬಂಡೆ, ನಮ್ಮ ಅಡಿಕೆ ಬುಡ

ಕೇಳುಗರಿಗೆಲ್ಲ ನಮಸ್ಕಾರ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ತೋಟ ಇರುವವರಿಗೆ ರಾಕ್ ಫಾಸ್ಫೇಟ್ ಏನೆಂದು ಹೇಳಬೇಕಾಗಿಲ್ಲ. ಸೊಪ್ಪು, ಹಟ್ಟಿಗೊಬ್ಬರದ ಜೊತೆ ಅಡಿಕೆ ಬುಡಕ್ಕೆ ಹಾಕುವ ಆ ಪುಡಿ, ರಂಜಕ ಅಂದರೆ ಫಾಸ್ಫರಸ್ ಇರುವ ಬಂಡೆಯನ್ನು ಅರೆದು ಮಾಡಿದ್ದು. 2023ರಲ್ಲಿ ನಾರ್ವೆಯ ನೈಋತ್ಯ ಮೂಲೆಯಲ್ಲಿ ಅಂಥದೇ ರಂಜಕದ ಅದಿರು ಸುಮಾರು 7,000 ಕೋಟಿ ಟನ್ ಇರಬಹುದು ಎಂದು ಅಲ್ಲಿ ಹುಡುಕಾಟ ನಡೆಸಿದ ಕಂಪನಿ ಹೇಳಿತು. ಜೊತೆಗೆ ವನೇಡಿಯಂ, ಟೈಟಾನಿಯಂ ಎಂಬ ಲೋಹಗಳು ಬೇರೆ.

ಇದು ಯಾಕೆ ಅಷ್ಟು ದೊಡ್ಡ ಸುದ್ದಿ ಅಂದರೆ, ಸಾರಜನಕವನ್ನಾದರೆ ಗಾಳಿಯಿಂದ ಹಿಡಿದು ಯೂರಿಯಾ ಮಾಡಬಹುದು, ರಂಜಕವನ್ನು ಹಾಗೆ ಮಾಡಲು ಬರುವುದಿಲ್ಲ, ನೆಲದಿಂದಲೇ ಅಗೆಯಬೇಕು, ಅದಿಲ್ಲದೆ ಭತ್ತವೂ ಇಲ್ಲ, ಗೋಧಿಯೂ ಇಲ್ಲ. ಅಂಥ ವಸ್ತು ಕೆಲವೇ ದೇಶಗಳ ಕೈಯಲ್ಲಿದೆ. ಲೋಕದ ಸಂಗ್ರಹದ ಮೂರರಲ್ಲಿ ಎರಡು ಪಾಲು, ಸುಮಾರು 5,000 ಕೋಟಿ ಟನ್, ಮೊರಾಕ್ಕೊ ಮತ್ತು ಪಶ್ಚಿಮ ಸಹಾರಾದಲ್ಲೇ ಇದೆ. ನಮ್ಮಲ್ಲಿ ರಾಜಸ್ಥಾನ, ಮಧ್ಯಪ್ರದೇಶದಲ್ಲಿ ಸ್ವಲ್ಪ ಸಿಗುತ್ತದೆ, ಉಳಿದದ್ದು ಹಡಗಿನಲ್ಲಿ ಬರಬೇಕು. 2021ರಲ್ಲಿ ಚೀನಾ ರಫ್ತು ಬಿಗಿ ಮಾಡಿತು, ಮರುವರ್ಷ ಯುಕ್ರೇನ್ ಯುದ್ಧ ಶುರುವಾಯಿತು, ಹೊರಗಿನ ಮಾರುಕಟ್ಟೆಯಲ್ಲಿ ರಂಜಕವಿರುವ ಡಿಎಪಿ ಗೊಬ್ಬರದ ಬೆಲೆ ಗಗನಕ್ಕೇರಿತು. ಈಗ ಕರೆಂಟಿನ ಕಾರಿನ ಕೆಲವು ಬಗೆಯ ಬ್ಯಾಟರಿಗೂ ರಂಜಕ ಬೇಕು.

ಆದರೆ ಒಂದು ಮಾತು. ಮೊರಾಕ್ಕೊದ 5,000 ಕೋಟಿಯ ಪಕ್ಕ ನಾರ್ವೆಯ 7,000 ಕೋಟಿ ಇಟ್ಟು ಸುಮ್ನೆ ಹೋಲಿಸಬಾರದು. ಮೊರಾಕ್ಕೊದ್ದು ತೆಗೆದರೆ ಲಾಭ ಬರುತ್ತದೆ ಎಂದು ಲೆಕ್ಕ ಹಾಕಿದ ಸಂಗ್ರಹ. ನಾರ್ವೆಯದ್ದು ಇಡೀ ಅದಿರಿನ ಅಂದಾಜು ತೂಕ, ಅದರಲ್ಲಿ ರಂಜಕದ ಅಂಶ ಕಡಿಮೆ, ಬೇಡದ ಕಲ್ಲೇ ಜಾಸ್ತಿ. ಬಹಳ ಆಳದವರೆಗೂ ಇಳಿದಿದೆ, ಅಷ್ಟನ್ನೂ ತೆಗೆಯಲಿಕ್ಕಾಗುವುದಿಲ್ಲ. ಒಳ್ಳೆಯ ಗುಣವೂ ಇದೆ: ಲಾವಾದಂತೆ ಕರಗಿ ತಣಿದ ಇಂಥ ಬಂಡೆಯಲ್ಲಿ, ಸಮುದ್ರದ ತಳದಲ್ಲಿ ಪದರವಾಗಿ ಕೂತ ಬಂಡೆಗಿಂತ ಕ್ಯಾಡ್ಮಿಯಂ ವಿಷ ಸಾಮಾನ್ಯವಾಗಿ ಕಡಿಮೆ. ಯುರೋಪಿಗೆ ಈ ಅದಿರು ತುಂಬಾ ಮುಖ್ಯ. ನಮ್ಮ ಚೀಲದ ಬೆಲೆ ಇದರಿಂದ ಬೇಗ ಇಳಿಯುತ್ತದೆ ಎಂದು ನಾನಂತೂ ನಂಬುವುದಿಲ್ಲ.

ನಮ್ಮ ಕೈಯಲ್ಲಿರುವುದು ನಮ್ಮ ಮಣ್ಣು. ಕಾಸರಗೋಡಿನ ಮುರ ಮಣ್ಣು ಹುಳಿ, ಅದರಲ್ಲಿರುವ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತವೆ. ಹಾಗಾಗಿ ವರ್ಷಗಟ್ಟಲೆ ಹಾಕಿದ್ದು ಎಷ್ಟೋ ಅಲ್ಲೇ ಉಳಿದಿರುತ್ತದೆ. ತೋಟದ ಬೆಳೆಗಳ ಸಂಶೋಧನೆ ಮಾಡುವ ನಮ್ಮೂರಿನದೇ ಸಂಸ್ಥೆ ಸಿಪಿಸಿಆರ್‌ಐ ಹೇಳುವ ಲೆಕ್ಕ, ಅಡಿಕೆ ಮರವೊಂದಕ್ಕೆ ವರ್ಷಕ್ಕೆ ಸುಮಾರು 200 ಗ್ರಾಂ ರಾಕ್ ಫಾಸ್ಫೇಟ್. ಕೈಗೆ ಬಂದಷ್ಟು ಸುರಿಯುವವರೇ ಜಾಸ್ತಿ, ಅಲ್ವಾ? ಗೊಬ್ಬರ ಹಾಕುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ರಂಜಕ ಸಾಕಷ್ಟಿದೆ ಎಂದು ಬಂದರೆ ಈ ವರ್ಷ ಆ ಚೀಲ ತರಲೇಬೇಡಿ. ನಮಸ್ಕಾರ.