ತಿಥಿ ಊಟದಲ್ಲಿ ಆಲೂಗಡ್ಡೆ ಯಾಕಿಲ್ಲ?

ಕೇಳುಗರಿಗೆಲ್ಲ ನಮಸ್ಕಾರ.

ಹೋದ ತಿಂಗಳು ನಮ್ಮ ದೊಡ್ಡಪ್ಪನ ತಿಥಿ ಇತ್ತು. ಊಟಕ್ಕೆ ಕೂತಾಗ ನನ್ನ ಪಕ್ಕ ತಂಗಿಯ ಮಗ, ಒಂಬತ್ತು ವರ್ಷದವನು. ಎಲೆಯನ್ನೆಲ್ಲ ಒಂದು ಸುತ್ತು ನೋಡಿ, "ಅಜ್ಜಿ, ಆಲೂಗಡ್ಡೆ ಪಲ್ಯ ಇಲ್ವಾ?" ಎಂದು ಕೇಳಿದ. ಇರಲಿಲ್ಲ. ಟೊಮೆಟೊ, ಕೋಸು, ಕ್ಯಾರೆಟ್ಟು, ಬೀನ್ಸು ಯಾವುದೂ ಇರಲಿಲ್ಲ. ಬಾಳೆಕಾಯಿ ಪಲ್ಯ, ಹಾಗಲಕಾಯಿ ಗೊಜ್ಜು, ಉದ್ದಿನ ವಡೆ, ಎಳ್ಳುಂಡೆ ಇದ್ದವು. ಸಾರಿನಲ್ಲಿ ಖಾರಕ್ಕೆ ಬರೀ ಕರಿಮೆಣಸು. "ಅವೆಲ್ಲ ಇಂಗ್ಲಿಷ್ ತರಕಾರಿ ಕಣೋ, ಇವತ್ತು ಆಗಲ್ಲ" ಎಂದು ದೊಡ್ಡಮ್ಮ ಒಂದೇ ಮಾತಲ್ಲಿ ಮುಗಿಸಿದರು.

ಹುಡುಗ ಮುಖ ಸಿಂಡರಿಸಿಕೊಂಡು ವಡೆಗೆ ಕೈ ಹಾಕಿದ. ನನಗೆ ಮಾತ್ರ ಆ ಎಲೆ ಒಂದು ಹಳೇ ಫೋಟೋ ಥರ ಕಾಣಿಸತೊಡಗಿತು. ಐನೂರು ವರ್ಷದ ಹಿಂದೆ ನಮ್ಮ ಅಡುಗೆಮನೆ ಹೆಚ್ಚುಕಡಿಮೆ ಹೀಗೇ ಇತ್ತು.

ಕೊಲಂಬಸ್ ಅಮೆರಿಕದ ಕಡೆ ಮುಟ್ಟಿದ್ದು 1492ರಲ್ಲಿ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಿದ್ದು 1498ರಲ್ಲಿ. 1510ಕ್ಕೆ ಗೋವಾ ಪೋರ್ಚುಗೀಸರ ಕೈ ಸೇರಿತು. ಆಮೇಲೆ ಹಡಗಿನಿಂದ ಒಂದೊಂದೇ ಇಳಿಯಿತು ನೋಡಿ: ಮೆಣಸಿನಕಾಯಿ, ಗೋಡಂಬಿ, ಅನಾನಸ್, ಪರಂಗಿ. ಪರಂಗಿಯವರ, ಅಂದರೆ ಯುರೋಪಿನವರ ಹಣ್ಣು ಎಂದು ಹೆಸರಲ್ಲೇ ಬರೆದಿದೆ, ನಾವೇ ಗಮನಿಸುವುದಿಲ್ಲ. ಮೆಣಸಿನಕಾಯಿಯ ಕಥೆಯೂ ಅಷ್ಟೇ. ಖಾರ ಎಂದರೆ ನಮಗೆ ಗೊತ್ತಿದ್ದದ್ದು ಮೆಣಸು. ಹೊಸ ಕಾಯಿಯೊಂದು ಬಂತು, ಅದೂ ಖಾರ, ಸರಿ, ಮೆಣಸಿನ ಕಾಯಿ ಎಂದು ಕರೆದು ಒಳಗೆ ಕರೆದುಕೊಂಡರು.

ಅದು ಗೆದ್ದಿದ್ದು ಯಾಕೆ ಎನ್ನುವುದು ನನಗೆ ತುಂಬ ಇಷ್ಟದ ವಿಷಯ. ಮೆಣಸಿನ ಬಳ್ಳಿಗೆ ಮಲೆನಾಡಿನ, ಮಲಬಾರಿನ ಮಳೆ ಬೇಕು, ಹಬ್ಬಲು ಮರ ಬೇಕು, ಕಾಯಲು ವರ್ಷಗಳು ಬೇಕು. ಬಯಲುಸೀಮೆಯವರು ದುಡ್ಡು ಕೊಟ್ಟೇ ತರಬೇಕಿತ್ತು. ಮೆಣಸಿನಕಾಯಿಯನ್ನಾದರೆ ಹಿತ್ತಲಲ್ಲಿ ಬಚ್ಚಲ ನೀರು ಹೋಗುವ ಕಡೆ ನಾಲ್ಕು ಸಸಿ ನೆಟ್ಟರೆ ಸಾಕು, ಕೆಲವೇ ತಿಂಗಳಲ್ಲಿ ಕಾಯಿ, ಒಣಗಿಸಿ ಕುಟ್ಟಿಟ್ಟರೆ ವರ್ಷಪೂರ್ತಿ ಖಾರದಪುಡಿ. ಬಡವರ ಮನೆಗೆ ಕಾಸಿಲ್ಲದೆ ಬಂದ ಖಾರ ಅದು. ಯಾವ ರಾಜನೂ ಆಜ್ಞೆ ಹೊರಡಿಸಲಿಲ್ಲ.

ಹಾಗಾದರೆ ಅದಕ್ಕೂ ಮುಂಚೆ? ಕಲ್ಯಾಣದ ಚಾಲುಕ್ಯ ರಾಜ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಅಡುಗೆಯ ದೊಡ್ಡ ಭಾಗವೇ ಇದೆ. ಇಡ್ಡರಿಕ ಇದೆ, ಧೋಸಕ ಇದೆ. ಆದರೆ ಆ ಇಡ್ಲಿ ಉದ್ದಿನದು, ಅಕ್ಕಿಯ ಸುಳಿವಿಲ್ಲ. ಅಂದಹಾಗೆ ಅದರಲ್ಲಿ ಸುಟ್ಟ ಇಲಿಯ ಅಡುಗೆಯೂ ಇದೆ. "ನಮ್ಮ ಹಿರಿಯರು ಏನು ತಿನ್ನುತ್ತಿದ್ದರು ಗೊತ್ತಾ" ಎಂದು ಶುರುಮಾಡುವವರು ಆ ಪುಟವನ್ನೂ ಒಮ್ಮೆ ಓದಿಕೊಂಡರೆ ಒಳ್ಳೆಯದು.

ಇನ್ನೊಂದು ತಮಾಷೆ. ತಿಥಿಗೆ ಆಗದ ಆಲೂಗಡ್ಡೆ ಎಷ್ಟೋ ಮನೆಗಳಲ್ಲಿ ಉಪವಾಸಕ್ಕೆ ಆಗುತ್ತದೆ! ಸಾಬಕ್ಕಿ ಕಿಚಡಿ ನೆನಪು ಮಾಡಿಕೊಳ್ಳಿ. ಸಾಬಕ್ಕಿ ಮಾಡುವುದು ಮರಗೆಣಸಿನಿಂದ. ಜೊತೆಗೆ ಆಲೂಗಡ್ಡೆ, ಕಡಲೆಕಾಯಿ ಬೀಜ, ಹಸಿಮೆಣಸಿನಕಾಯಿ. ನಾಲ್ಕೂ ಅಮೆರಿಕ ಖಂಡದ ಬೆಳೆಗಳು. ದೇವರಿಗೆ ಅಡ್ಡಿಯಿಲ್ಲ, ಪಿತೃಗಳಿಗೆ ಮಾತ್ರ ಅಡ್ಡಿ. ಅವರು ಹಳಬರು, ಅಭ್ಯಾಸವಿಲ್ಲ, ಅಲ್ವಾ.

ಇಲ್ಲಿಯವರೆಗೆ ಹೇಳಿದ್ದೆಲ್ಲ ನಾಲಿಗೆ ತಾನಾಗಿ ಒಪ್ಪಿಕೊಂಡಿದ್ದು. ಹೋದ 80 ವರ್ಷದ ಬದಲಾವಣೆ ಹಾಗಲ್ಲ. 1942ರಲ್ಲಿ ಜಪಾನಿನವರು ಬರ್ಮಾ ಹಿಡಿದರು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಆ ಯುದ್ಧಕಾಲದ ಅಕ್ಕಿ ಕೊರತೆಯಲ್ಲೇ ತಮ್ಮ ರವೆ ಇಡ್ಲಿ ಹುಟ್ಟಿತು ಎಂದು ಬೆಂಗಳೂರಿನ ಎಂ.ಟಿ.ಆರ್. ಹೋಟೆಲಿನವರು ಹೇಳುತ್ತಾರೆ. ಆಮೇಲೆ ಅಮೆರಿಕದ ಆಹಾರ ನೆರವಿನ ಪಿ.ಎಲ್. 480 ಒಪ್ಪಂದ, ಅಲ್ಲಿನ ಗೋಧಿ ಹಡಗಿನಲ್ಲಿ ಬಂದರೆ ನಮ್ಮ ಊಟ. 1965ರಲ್ಲಿ ಶಾಸ್ತ್ರೀಜಿ ವಾರಕ್ಕೆ ಒಂದು ಹೊತ್ತು ಊಟ ಬಿಡಿ ಎಂದು ದೇಶವನ್ನು ಕೇಳಿಕೊಂಡರು. ಅದೇ ವರ್ಷ ಭಾರತ ಆಹಾರ ನಿಗಮ ಶುರುವಾಯಿತು. ಮಾರನೇ ವರ್ಷ ಮೆಕ್ಸಿಕೊದಿಂದ 18,000 ಟನ್ ಗಿಡ್ಡ ಗೋಧಿಯ ಬೀಜ ಬಂತು. ಹಸಿವು ನೀಗಿತು, ಅದನ್ನು ಹಗುರವಾಗಿ ಮಾತಾಡಬಾರದು.

ಆದರೆ ಸರ್ಕಾರ ರಾಶಿರಾಶಿಯಾಗಿ ಕೊಂಡಿದ್ದು ಭತ್ತ ಮತ್ತು ಗೋಧಿ, ರೇಷನ್ ಅಂಗಡಿಗೆ ಬಂದಿದ್ದೂ ಅವೇ. ರಾಗಿ, ನವಣೆ, ಸಾಮೆ ಹೊಲದ ಅಂಚಿಗೆ ಸರಿದವು. ಹಳೇ ಮೈಸೂರಿನ ಹಳ್ಳಿಗಳಲ್ಲಿ ದಿನವೂ ಮುದ್ದೆ, ನೆಂಟರು ಬಂದರೆ ಅನ್ನ. ಅಂಥ ಕಡೆ ಅಗ್ಗದ ಅಕ್ಕಿ ಬಂದ ಮೇಲೆ ದಿನವೂ ನೆಂಟರ ಊಟವೇ. ಕನಕದಾಸರ ರಾಮಧಾನ್ಯ ಚರಿತ್ರೆ ಗೊತ್ತಲ್ಲ? ಅಕ್ಕಿಗೂ ರಾಗಿಗೂ ಜಗಳ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದ. ರಾಗಿ ಕೆಡಲಿಲ್ಲ, ಗೆದ್ದಿತು. ರಾಮನ ತೀರ್ಪು ಒಂದಾದರೆ ರೇಷನ್ ಅಂಗಡಿಯ ತೀರ್ಪು ಇನ್ನೊಂದಾಯಿತು. ಈಗ ಅದೇ ಸಾಮೆ, ನವಣೆ ಚಂದದ ಪ್ಯಾಕೆಟ್ಟಿನಲ್ಲಿ ಅಕ್ಕಿಗಿಂತ ಜಾಸ್ತಿ ಬೆಲೆಗೆ ಕೂತಿವೆ.

ಗೋಧಿ ನಮ್ಮ ದೊಡ್ಡಮ್ಮನ ತವರಲ್ಲಿ ಹಬ್ಬಕ್ಕೆ ಮಾತ್ರ ಮನೆಗೆ ಬರುತ್ತಿತ್ತಂತೆ. ತಿಥಿಯ ದಿನ ರಾತ್ರಿ ಅನ್ನ ಉಣ್ಣುವ ಹಾಗಿಲ್ಲ, ಫಲಾಹಾರ. ಎಂಟು ಗಂಟೆಗೆ ಅಡುಗೆಮನೆಗೆ ಹೋಗಿ ನೋಡುತ್ತೇನೆ, ದೊಡ್ಡಮ್ಮ ಚಪಾತಿ ಲಟ್ಟಿಸುತ್ತಿದ್ದಾರೆ. ಪಕ್ಕದ ಒಲೆಯ ಮೇಲೆ ಆಲೂಗಡ್ಡೆ ಪಲ್ಯ. ಹುಡುಗ ಆಗಲೇ ತಟ್ಟೆ ಹಿಡಿದು ಕೂತಿದ್ದ.