ಫುಶಿಮಿ ಇನಾರಿಯಲ್ಲಿ ಒಡೆದ ಫೋನು, ಒಸಾಕಾದಲ್ಲಿ ಕೊಂಡ ಫೋನು

ನಮಸ್ಕಾರ. ಈಗ ನೀವು ನೋಡುತ್ತಿರುವುದು ಜಪಾನಿನ ಕ್ಯೋಟೊ ನಗರದ ಫುಶಿಮಿ ಇನಾರಿ ದೇವಾಲಯದ ಕಲ್ಲಿನ ಮೆಟ್ಟಿಲುಗಳು. ದೃಶ್ಯವು ಇಲ್ಲಿ ಥಟ್ಟನೆ ನಿಂತುಹೋಗುವುದಕ್ಕೆ ಕಾರಣ, ಇದನ್ನು ಚಿತ್ರೀಕರಿಸುತ್ತಿದ್ದ ಫೋನು ಕೈಜಾರಿ ಮೆಟ್ಟಿಲಿನ ಅಂಚಿಗೆ ಬಡಿದದ್ದು. ಮುಂದಿನ ದೃಶ್ಯಗಳನ್ನು ಜೊತೆಗಿದ್ದ ಚಿಕ್ಕಮ್ಮನ ಫೋನಿನಲ್ಲಿಯೂ ಆಮೇಲೆ ಒಸಾಕಾದಲ್ಲಿ ಕೊಂಡ ಇನ್ನೊಂದು ಫೋನಿನಲ್ಲಿಯೂ ತೆಗೆದಿದ್ದೇನೆ. ಆ ಇನ್ನೊಂದು ಫೋನನ್ನು ಕೊಳ್ಳುವಾಗ ಏನೇನನ್ನು ನೋಡಬೇಕಾಯಿತು ಎಂಬುದೇ ಈ ಸಂಚಿಕೆಯ ವಿಷಯ.

ಪರದೆ ಪೂರ್ತಿ ಕಪ್ಪಾಗಿತ್ತು, ಆದರೆ ಫೋನು ಸತ್ತಿರಲಿಲ್ಲ. ಕರೆ ಬಂದರೆ ನಡುಗುತ್ತಿತ್ತು, ಸಂದೇಶ ಬಂದರೆ ಸದ್ದು ಮಾಡುತ್ತಿತ್ತು. ಭಾರತೀಯ ಪ್ರಯಾಣಿಕರಿಗೆ ಇದಕ್ಕಿಂತ ಇಕ್ಕಟ್ಟಿನ ಸ್ಥಿತಿ ಬೇರೊಂದಿಲ್ಲ, ಏಕೆಂದರೆ ನಮ್ಮ ಬ್ಯಾಂಕುಗಳು ಕಳುಹಿಸುವ ಒಟಿಪಿ ಆ ಕಪ್ಪು ಪರದೆಯ ಹಿಂದೆಯೇ ಬಂದು ಕೂರುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳು ಮೊದಲಿಗೆ ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ವಿದೇಶದ ಬಳಕೆಯನ್ನು ನಾವೇ ಚಾಲೂ ಮಾಡಿಕೊಳ್ಳಬೇಕು, ಅದಕ್ಕೆ ಬ್ಯಾಂಕಿನ ಆ್ಯಪ್ ಬೇಕು, ಆ್ಯಪ್‌ಗೆ ಫೋನು ಬೇಕು. ಊರು ಬಿಡುವ ಮೊದಲೇ ಈ ಕೆಲಸ ಮುಗಿಸಿದ್ದರಿಂದ ಸೆವೆನ್-ಇಲೆವೆನ್ ಅಂಗಡಿಯ ಎಟಿಎಂನಲ್ಲಿ ಯೆನ್ ಸಿಕ್ಕಿತು.

ಹೀಗಾಗಿ ಅಂಗಡಿಗಿಂತ ಮೊದಲು ನಾನು ಹುಡುಕಿದ್ದು ಸಿಮ್ ತಟ್ಟೆಯನ್ನು ಹೊರತೆಗೆಯುವ ಕಡ್ಡಿಯನ್ನು. ಅದು ಬೆಂಗಳೂರಿನ ಮನೆಯಲ್ಲಿ, ಫೋನಿನ ಡಬ್ಬಿಯೊಳಗೆ ಭದ್ರವಾಗಿತ್ತು. ಚಿಕ್ಕಮ್ಮ ಮಾತಿಲ್ಲದೆ ಬಳೆಗೆ ಸಿಕ್ಕಿಸಿಕೊಂಡಿದ್ದ ಸಣ್ಣ ಪಿನ್ನನ್ನು ಬಿಚ್ಚಿ, “ಇದು ಆಗುತ್ತದೇನೋ ನೋಡಪ್ಪ” ಎಂದು ಕೊಟ್ಟರು. ಪಿನ್ನು ನೆಟ್ಟಗೆ ಒಳಹೋಗಿ ತಟ್ಟೆ ಟಕ್ಕೆಂದು ಹೊರಬಂತು. ಸಿಮ್ಮನ್ನು ಅವರ ಫೋನಿನ ಎರಡನೆಯ ಜಾಗಕ್ಕೆ ಹಾಕಿದ ಕೂಡಲೇ, ರೋಮಿಂಗ್ ಚಾಲನೆಯಲ್ಲಿದ್ದುದರಿಂದ, ತಡವಾಗಿದ್ದ ಸಂದೇಶಗಳೆಲ್ಲ ಸಾಲಾಗಿ ಬಂದವು. ನನ್ನದು ಇ-ಸಿಮ್, ಅಂದರೆ ಫೋನಿನೊಳಗೇ ಅಡಕವಾಗಿದ್ದು ಹೊರತೆಗೆಯಲಾಗದ ಸಿಮ್ ಆಗಿದ್ದರೆ ಇಷ್ಟು ಸುಲಭವಾಗುತ್ತಿರಲಿಲ್ಲ. ಅದನ್ನು ಬೇರೆ ಫೋನಿಗೆ ಸಾಗಿಸಲು ನಮ್ಮ ಕಂಪನಿಗಳು ಸಾಮಾನ್ಯವಾಗಿ ಅದೇ ಸಂಖ್ಯೆಯಿಂದ ಸಂದೇಶ ಕಳುಹಿಸಲು ಹೇಳುತ್ತವೆ, ಪರದೆಯೇ ಇಲ್ಲದ ಫೋನಿನಿಂದ ಕಳುಹಿಸುವುದಾದರೂ ಹೇಗೆ?

ಇದು ಹೋಟೆಲಿನ ಕೋಣೆ. ಯುಎಸ್‌ಬಿ-ಸಿ ಕಿಂಡಿಯಿಂದ ಚಿತ್ರವನ್ನು ಹೊರಕಳುಹಿಸಬಲ್ಲ ಫೋನುಗಳನ್ನು, ಎಲ್ಲ ಫೋನುಗಳಿಗೂ ಆ ಸೌಲಭ್ಯವಿರುವುದಿಲ್ಲ, ಎಚ್‌ಡಿಎಂಐ ಅಡಾಪ್ಟರಿನ ಮೂಲಕ ಟಿವಿಗೆ ಜೋಡಿಸಬಹುದು. ಜೋಡಿಸಿ, ಅದೇ ಅಡಾಪ್ಟರಿಗೆ ಅಗ್ಗದ ಕೀಬೋರ್ಡನ್ನು ಸಿಕ್ಕಿಸಿ, ಪಾಸ್‌ವರ್ಡ್ ಒತ್ತಿದಾಗ ಗೋಡೆಯ ಮೇಲಿನ ಟಿವಿಯಲ್ಲಿ ನನ್ನ ಫೋನು ತೆರೆದುಕೊಂಡಿತು. ಪ್ರಯಾಣದ ಚಿತ್ರಗಳನ್ನೂ ವಿಮಾನದ ಟಿಕೆಟ್ಟುಗಳನ್ನೂ ಆ ರಾತ್ರಿಯೇ ನಕಲು ಮಾಡಿಕೊಂಡೆ. ಹೊಸ ಫೋನಿಗೆ ಹಣ ಸುರಿಯುವ ಮುನ್ನ ಇಂಥ ಒಂದು ಅಡಾಪ್ಟರಿಗೆ ಖರ್ಚು ಮಾಡುವುದು ಲೇಸೆಂಬುದು ನನ್ನ ಅಭಿಪ್ರಾಯ. ಹಳೆಯದರೊಳಗಿನ ಸರಕು ಕೈಗೆ ಬಂದರೆ ಹೊಸದನ್ನು ಕೊಳ್ಳುವ ಧಾವಂತ ಅರ್ಧಕ್ಕರ್ಧ ಇಳಿಯುತ್ತದೆ.

ಮರುದಿನ ಒಸಾಕಾ. ಇದು ಉಮೆದಾ ನಿಲ್ದಾಣದ ಎದುರಿನ ಯೊದೊಬಾಶಿ ಕ್ಯಾಮೆರಾ. ಹೆಸರಿಗೆ ಕ್ಯಾಮೆರಾ ಅಂಗಡಿಯಾದರೂ ಫ್ರಿಜ್ಜಿನಿಂದ ಆಟಿಕೆಯವರೆಗೆ ಎಲ್ಲವೂ ಸಿಗುವ ಬಹುಮಹಡಿ ಮಳಿಗೆ. ಹೊಳೆಯುವ ಹೊಸ ಐಫೋನುಗಳ ಮುಂದೆ ನಿಂತವರಿಗೆ ಒಂದು ಸಂಗತಿ ತಿಳಿದಿರಬೇಕು. ಐಫೋನ್ 17ರ ಸರಣಿಯಿಂದ ಜಪಾನಿನಲ್ಲಿ ಮಾರುವ ಐಫೋನುಗಳಿಗೆ ಸಿಮ್ ತಟ್ಟೆಯೇ ಇಲ್ಲ, ಭಾರತದಲ್ಲಿ ಮಾರುವ ಐಫೋನ್ 17ಕ್ಕೆ ಇದೆ. ಪಿನ್ನು ಹಾಕಿ ಉಳಿಸಿಕೊಂಡ ಸಿಮ್ಮನ್ನು ಅದರಲ್ಲಿ ಎಲ್ಲಿ ಹಾಕುವುದು? ಇದರ ಜೊತೆಗೆ, ಜಪಾನಿನ ಮಾರುಕಟ್ಟೆಯ ಫೋನುಗಳಲ್ಲಿ ಚಿತ್ರ ತೆಗೆಯುವಾಗಿನ ಸದ್ದನ್ನು ಸಾಮಾನ್ಯವಾಗಿ ಅಡಗಿಸಲಾಗದು. ಗುಟ್ಟಾಗಿ ಚಿತ್ರ ತೆಗೆಯುವುದನ್ನು ತಡೆಯಲು ಉದ್ಯಮದವರು ತಾವಾಗಿಯೇ ಮಾಡಿಕೊಂಡ ಏರ್ಪಾಡು ಅದು.

“ಹಾಗಾದರೆ ಒಂದು ಕ್ಯಾಮೆರಾವನ್ನೇ ತೆಗೆದುಕೊಳ್ಳಬಾರದೇ, ಫೋನು ಊರಲ್ಲಿ ನೋಡಿದರಾಯಿತು” ಎಂದರು ಚಿಕ್ಕಮ್ಮ. ಮಾತು ಸರಿಯಾಗಿಯೇ ಇತ್ತು, ಆದರೆ ಸೋನಿ ಕಂಪನಿಯು ಜಪಾನಿನ ಗ್ರಾಹಕರಿಗೆಂದು ಮಾರುವ ಕ್ಯಾಮೆರಾಗಳ ಮೆನು ಬಹುಪಾಲು ಜಪಾನಿ ಭಾಷೆಯಲ್ಲಿ ಮಾತ್ರವೇ ಇರುತ್ತದೆ, ಬದಲಾಯಿಸಲು ಅವಕಾಶವಿಲ್ಲ. ಯಾವ ಕಂಪನಿಯ ಕ್ಯಾಮೆರಾ ಆದರೂ ಸರಿ, ಪ್ರದರ್ಶನಕ್ಕಿಟ್ಟದ್ದನ್ನು ಕೈಗೆತ್ತಿಕೊಂಡು ಮೆನುವಿನಲ್ಲಿ ಇಂಗ್ಲಿಷ್ ಇದೆಯೇ ಎಂದು ನೋಡಿಯೇ ಹಣ ಕೊಡಬೇಕು. ಲ್ಯಾಪ್‌ಟಾಪಿನದೂ ಇದೇ ಕತೆ. ಅಲ್ಲಿನ ಕೀಲಿಮಣೆಯಲ್ಲಿ ಸ್ಪೇಸ್ ಕೀಲಿ ಮೊಟಕಾಗಿ, ಚಿಹ್ನೆಗಳು ಬೇರೆ ಬೇರೆ ಜಾಗಗಳಲ್ಲಿರುತ್ತವೆ.

ಕೊನೆಗೆ ನಾವು ಹೋದದ್ದು ನಿಪ್ಪೊನ್‌ಬಾಶಿಯ ಡೆನ್‌ಡೆನ್ ಟೌನ್‌ಗೆ. ಟೋಕಿಯೊಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಪೇಟೆಯಾದ ಅಕಿಹಬಾರಾ ಹೇಗೋ ಒಸಾಕಾಗೆ ಈ ಬೀದಿ ಹಾಗೆ. ಇಲ್ಲಿನ ಸೆಕೆಂಡ್‌ಹ್ಯಾಂಡ್ ಅಂಗಡಿಗಳ ಶಿಸ್ತನ್ನು ನೋಡಿಯೇ ತಿಳಿಯಬೇಕು. ಈ ಚೀಟಿಯನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಎಡಗಡೆ ಇರುವ ಅಕ್ಷರ ಫೋನಿನ ದರ್ಜೆ: ಎ ಎಂದರೆ ಹೆಚ್ಚುಕಡಿಮೆ ಹೊಸದರಂತೆ, ಬಿ ಎಂದರೆ ಸಣ್ಣಪುಟ್ಟ ಗೀರುಗಳು, ಸಿ ಎಂದರೆ ಎದ್ದು ಕಾಣುವ ಪೆಟ್ಟು. ಅದರ ಕೆಳಗಿನ ಚಿಹ್ನೆ ಜಪಾನಿನ ಮೊಬೈಲ್ ಜಾಲದ ನಿರ್ಬಂಧಕ್ಕೆ ಸಂಬಂಧಿಸಿದ್ದು. ವೃತ್ತವಿದ್ದರೆ ತೊಡಕಿಲ್ಲ, ತ್ರಿಕೋನವಿದ್ದರೆ ಮೊದಲ ಮಾಲೀಕರ ಕಂತು ತೀರಿರದೆ ಮುಂದೆ ತಡೆ ಬೀಳುವ ಸಾಧ್ಯತೆ ಇರಬಹುದು, ಕತ್ತರಿ ಗುರುತು (×) ಇದ್ದರೆ ತಡೆ ಈಗಾಗಲೇ ಬಿದ್ದಿದೆ ಎಂದರ್ಥ. ಮೂಲೆಯ ಬುಟ್ಟಿಗಳಲ್ಲಿ ಜಂಕ್ ಎಂಬ ಹೆಸರಿನಲ್ಲಿ ರಾಶಿ ಹಾಕಿರುವುದು ಮರಳಿ ಕೊಡಲಾಗದ ಮಾಲು; ರಿಪೇರಿ ಬಲ್ಲವರಿಗೆ ಹಬ್ಬ, ನಮ್ಮಂಥವರಿಗಲ್ಲ. ಸಿಮ್ ತಟ್ಟೆಯಿದ್ದ, ಬಿ ದರ್ಜೆಯ, ವೃತ್ತದ ಗುರುತಿನ ಹಳೆಯ ಫೋನೊಂದನ್ನು ಆರಿಸಿಕೊಂಡೆ. ಊರಿಗೆ ಮರಳುವವರೆಗೆ ದಾರಿ ತೋರಿಸಿ, ಒಟಿಪಿ ಹಿಡಿದು, ಇಷ್ಟು ವಿಡಿಯೊ ತೆಗೆದರೆ ನನಗೆ ಸಾಕಾಗಿತ್ತು.

ಜಪಾನಿನಲ್ಲಿ ಮಾರಾಟ ತೆರಿಗೆ ಶೇ. 10. ತೆರಿಗೆ ಬಿಟ್ಟು 5,000 ಯೆನ್ ಅಥವಾ ಅದಕ್ಕೂ ಮೇಲ್ಪಟ್ಟ ಖರೀದಿಗೆ, ತೆರಿಗೆ ವಿನಾಯಿತಿಯ ಫಲಕವಿರುವ ಅಂಗಡಿಯಲ್ಲಿ ಮೂಲ ಪಾಸ್‌ಪೋರ್ಟ್ ತೋರಿಸಿದರೆ ಪ್ರವಾಸಿಗರಿಗೆ ಆ ತೆರಿಗೆಯನ್ನು ಬಿಟ್ಟುಕೊಡುತ್ತಾರೆ; 2026ರ ನವೆಂಬರ್ 1ರಿಂದ ಮಾತ್ರ ಮೊದಲು ತೆರಿಗೆ ಸೇರಿಸಿ ಪಾವತಿಸಿ, ದೇಶ ಬಿಡುವಾಗ ವಾಪಸು ಪಡೆಯುವ ಕ್ರಮ ಜಾರಿಗೆ ಬರುತ್ತದೆ.

ಚಾರ್ಜರಿನ ಬಗ್ಗೆ ಚಿಂತೆ ಬೇಡ. ಅಲ್ಲಿನ ವಿದ್ಯುತ್ತು 100 ವೋಲ್ಟ್, ನಮ್ಮದು 230. ಫೋನು, ಕ್ಯಾಮೆರಾಗಳ ಚಾರ್ಜರುಗಳು ಹೆಚ್ಚಾಗಿ 100ರಿಂದ 240ರವರೆಗೆ ತಾಳಿಕೊಳ್ಳುತ್ತವೆ, ಬೇಕಾಗುವುದು ಚಪ್ಪಟೆ ಕಾಲಿನ ಪ್ಲಗ್ಗು ಮಾತ್ರ. ಬಿಸಿ ಮಾಡುವ ಸಾಧನಗಳ ಲೆಕ್ಕವೇ ಬೇರೆ. ಊರಿನಿಂದ ಒಯ್ದ ಕೆಟಲು ಅಲ್ಲಿ ಐದರಲ್ಲಿ ಒಂದು ಪಾಲಿನಷ್ಟು ಶಕ್ತಿಯಲ್ಲಿ ತೂಕಡಿಸುತ್ತದೆ; ಅಲ್ಲಿ ಕೊಂಡ 100 ವೋಲ್ಟಿನ ರೈಸ್ ಕುಕ್ಕರನ್ನು ಇಲ್ಲಿನ ಗೋಡೆಗೆ ನೇರವಾಗಿ ಸಿಕ್ಕಿಸಿದರೆ ಸುಟ್ಟೇಹೋಗುತ್ತದೆ. ಒಂದೇ ದೇಶವಾದರೂ ವಿದ್ಯುತ್ತಿನ ಆವರ್ತನ ಟೋಕಿಯೊದ ಕಡೆ 50 ಹರ್ಟ್ಸ್, ಒಸಾಕಾದ ಕಡೆ 60. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಒಂದೂರಿನವರು ಜರ್ಮನಿಯಿಂದಲೂ ಇನ್ನೊಂದೂರಿನವರು ಅಮೆರಿಕದಿಂದಲೂ ಜನರೇಟರು ತರಿಸಿದ್ದು ಇಂದಿಗೂ ಹಾಗೆಯೇ ಉಳಿದುಬಂದಿದೆ.

ಒಡೆದ ಫೋನನ್ನು ಎಸೆಯಲಿಲ್ಲ. ಬ್ಯಾಟರಿ ಉಬ್ಬಿದ್ದರೆ ಅದನ್ನು ವಿಮಾನಕ್ಕೆ ಒಯ್ಯುವಂತಿಲ್ಲ. ಉಬ್ಬಿಲ್ಲವೆಂದು ಖಚಿತಪಡಿಸಿಕೊಂಡು, ಪೂರ್ತಿ ಆರಿಸಿ, ಚೆಕ್-ಇನ್ ಪೆಟ್ಟಿಗೆಗೆ ಹಾಕದೆ ಕೈಚೀಲದಲ್ಲೇ ತಂದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯ ರಿಪೇರಿ ಅಂಗಡಿಯಲ್ಲಿ ಪರದೆ ಬದಲಾದ ಮೇಲೆ ಅದು ಮೊದಲಿನಂತೆಯೇ ಕೆಲಸ ಮಾಡುತ್ತಿದೆ, ಈ ಧ್ವನಿಯನ್ನೂ ಅದರಲ್ಲೇ ಮುದ್ರಿಸಿದ್ದೇನೆ. ಒಸಾಕಾದ ಫೋನು ಚಿಕ್ಕಮ್ಮನ ಪಾಲಾಯಿತು. ಚಿತ್ರ ತೆಗೆಯುವಾಗ ಆಗುವ ಸದ್ದಿನ ಬಗ್ಗೆ ಅವರಿಗೇನೂ ದೂರಿಲ್ಲ, ಫೋಟೊ ಬಿತ್ತೆಂದು ಅದರಿಂದಲೇ ಗೊತ್ತಾಗುತ್ತದಂತೆ.