ಮುಟ್ಟು ಕಡಿಮೆಯಾದಾಗ ಮೊದಲು ಪರೀಕ್ಷೆ

ಕೇಳುಗರೇ, ನಮಸ್ಕಾರ.

ನಾನು ಸ್ತ್ರೀರೋಗ ವೈದ್ಯೆ. ನನ್ನೆದುರು ಬಂದು ಕೂರುವ ಹೆಂಗಸರಲ್ಲಿ ಅನೇಕರು ಹೇಳುವುದು ಇಷ್ಟೇ: "ಡಾಕ್ಟರೇ, ಈ ಸಲ ಮುಟ್ಟು ಬಂದಿತು, ಆದರೆ ಬಂದ ಹಾಗೇ ಇರಲಿಲ್ಲ." ಒಂದು ದಿನ ಕಲೆಯಷ್ಟು ಕಾಣಿಸಿತಂತೆ, ಮರುದಿನ ಅದೂ ಇಲ್ಲವಂತೆ, ಪ್ಯಾಡ್ ಬದಲಿಸುವ ಅಗತ್ಯವೇ ಬೀಳಲಿಲ್ಲವಂತೆ. ಗರ್ಭ ಪರೀಕ್ಷೆ ಮಾಡಿಕೊಂಡಿರಾ ಎಂದು ನಾನು ಕೇಳುತ್ತೇನೆ. "ಅದೇಕೆ ಡಾಕ್ಟರೇ? ಮುಟ್ಟು ಬಂದಿತಲ್ಲ!" ಎನ್ನುತ್ತಾರೆ.

ನಾನು ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಅರ್ಧಕ್ಕೆ ರೇಡಿಯೋ ಆರಿಸಿ ಎದ್ದುಹೋಗುವವರಿಗೂ ತಲುಪಲಿ. ಬಸಿರಾಗುವ ಸಾಧ್ಯತೆ ಇರುವ ಹೆಣ್ಣಿಗೆ ಮುಟ್ಟು ಎಂದಿಗಿಂತ ತೀರಾ ಕಡಿಮೆಯಾದರೆ ಮೊದಲು ಮೂತ್ರ ಪರೀಕ್ಷೆ. ಉಳಿದ ಯೋಚನೆಯೆಲ್ಲ ಆಮೇಲೆ.

ಏಕೆ ಎಂದು ತಿಳಿಯಲು ಒಂದು ಸಂಗತಿ ಗೊತ್ತಿದ್ದರೆ ಸಾಕು. ಪ್ರತಿ ತಿಂಗಳೂ ಗರ್ಭಕೋಶದ ಒಳಗೆ ಮೆತ್ತನೆಯ ಪೊರೆಯೊಂದು ಬೆಳೆಯುತ್ತದೆ. ಗರ್ಭ ನಿಲ್ಲದಿದ್ದರೆ ಅದು ಕಳಚಿ ರಕ್ತದೊಂದಿಗೆ ಹೊರಗೆ ಬರುತ್ತದೆ. ಅದೇ ಮುಟ್ಟು. ಸಾಮಾನ್ಯವಾಗಿ 2ರಿಂದ 7 ದಿನ ಇರುತ್ತದೆ. ಗರ್ಭ ನಿಂತರೆ ಆ ಪೊರೆ ಭ್ರೂಣಕ್ಕೇ ಬೇಕು, ಆದ್ದರಿಂದ ಕಳಚುವುದಿಲ್ಲ. ಅಂದರೆ ಬಸಿರಿನಲ್ಲಿ ನಿಜವಾದ ಮುಟ್ಟು ಬರುವುದೇ ಇಲ್ಲ. ಆದರೆ ರಕ್ತ ಕಾಣಿಸಬಹುದು! ಅಂಡ ಬಿಡುಗಡೆಯಾದ ಸುಮಾರು ಒಂದು ವಾರದ ನಂತರ ಭ್ರೂಣ ಆ ಪೊರೆಯಲ್ಲಿ ನೆಲೆಯೂರುತ್ತದೆ. ಆ ದಿನಗಳಲ್ಲಿ ಕೆಲವರಿಗೆ ನಸುಗೆಂಪು ಅಥವಾ ಕಂದು ಬಣ್ಣದ ರಕ್ತ ಒಂದೆರಡು ದಿನ ಜಿನುಗುತ್ತದೆ. ಹೆಚ್ಚುಕಡಿಮೆ ಮುಟ್ಟು ಬರಬೇಕಾದ ಹೊತ್ತಿಗೇ ಹೀಗಾಗುವುದರಿಂದ ಬುದ್ಧಿವಂತರೂ ಏಮಾರುತ್ತಾರೆ. ಬಸಿರಿನ ಮೊದಲ ಮೂರು ತಿಂಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಒಮ್ಮೆಯಾದರೂ ರಕ್ತ ಕಾಣಿಸುತ್ತದೆ. ಅವರಲ್ಲಿ ಬಹಳಷ್ಟು ಮಂದಿಯ ಬಸಿರು ಚೆನ್ನಾಗಿಯೇ ಮುಂದುವರಿಯುತ್ತದೆ.

ಒಮ್ಮೆ ಎಳೆಯ ವಯಸ್ಸಿನ ಸೊಸೆಯೊಬ್ಬಳು ಅತ್ತೆಯೊಂದಿಗೆ ಬಂದಳು. ಮೂತ್ರ ಪರೀಕ್ಷೆಯಲ್ಲಿ ಬಸಿರು ಗೊತ್ತಾಗಿತ್ತು. ಸಂತೋಷದ ಸುದ್ದಿಯಲ್ಲವೇ? ಇಬ್ಬರ ಮುಖದಲ್ಲೂ ನಗುವಿರಲಿಲ್ಲ. ಕೊನೆಯ ಮುಟ್ಟು ಯಾವಾಗ ಎಂದು ಕೇಳಿದರೆ ಹುಡುಗಿ ಬಾಯಿ ತೆರೆಯುವ ಮೊದಲೇ ಅತ್ತೆ ಉತ್ತರಿಸಿದರು: "ಎಂಟು ವಾರವಾಯಿತು. ನನ್ನ ಮಗ ದೂರದ ಕೆಲಸಕ್ಕೆ ಹೊರಟ ಹಿಂದಿನ ದಿನ. ಅವನು ಇನ್ನೂ ಹಿಂದಿರುಗಿಲ್ಲ." ಹೇಳಿದ ಮೇಲೆ ನನ್ನನ್ನೇ ದಿಟ್ಟಿಸಿದರು. ಅವರ ಲೆಕ್ಕ ನಿಮಗೂ ಅರ್ಥವಾಗಿರಬೇಕು. ಮುಟ್ಟಾದ ಮರುದಿನ ಗಂಡ ಊರಿನಲ್ಲಿಲ್ಲ, ಬಸಿರು ಮಾತ್ರ ಇದೆ. ಹುಡುಗಿ ತಲೆ ತಗ್ಗಿಸಿ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಿದ್ದಳು.

ಅತ್ತೆಯನ್ನು ಹೊರಗೆ ಕೂರಿಸಿ ಅವಳೊಬ್ಬಳನ್ನೇ ಕೇಳಿದೆ: ಆ ಮುಟ್ಟು ಹೇಗಿತ್ತಮ್ಮಾ? "ಒಂದೇ ದಿನ, ಬರೀ ಕಲೆ." ಅದರ ಹಿಂದಿನದು? "ಅದಕ್ಕೂ ನಾಲ್ಕು ವಾರದ ಹಿಂದೆ. ಎಂದಿನ ಹಾಗೆ ನಾಲ್ಕು ದಿನ." ನನಗೆ ಅಲ್ಲಿಗೇ ತಿಳಿಯಿತು. ಸ್ಕ್ಯಾನಿಂಗ್ ಮಾಡಿದೆ. ಮಗುವಿನ ಅಳತೆ 8 ವಾರದ್ದಲ್ಲ, 12 ವಾರದ್ದು. ವೈದ್ಯರು ಬಸಿರಿನ ವಾರಗಳನ್ನು ಎಣಿಸುವುದು ಕೊನೆಯ ನಿಜವಾದ ಮುಟ್ಟಿನ ಮೊದಲ ದಿನದಿಂದ. ಗರ್ಭ ನಿಲ್ಲುವುದು ಅದಾಗಿ ಸುಮಾರು ಎರಡು ವಾರಕ್ಕೆ. ಹಾಗಾದರೆ ಗಂಡ ಹೊರಡುವ ಎರಡು ವಾರ ಮೊದಲೇ ಅವಳು ಗರ್ಭವತಿ!

ಅವಳ ಒಪ್ಪಿಗೆ ಪಡೆದು ಅತ್ತೆಯನ್ನು ಒಳಗೆ ಕರೆದೆ. ಕ್ಯಾಲೆಂಡರ್ ತೆಗೆದು ವಿವರಿಸಿದೆ. ಒಪ್ಪಲಿಲ್ಲ. ಪೆನ್ನಿನಿಂದ ಗುರುತು ಹಾಕಿ ಮತ್ತೆ ವಿವರಿಸಿದೆ. ಆಕೆ ತಾವೇ ಪೆನ್ನು ಕಸಿದುಕೊಂಡು ವಾರ ವಾರವನ್ನೂ ಎಣಿಸಿದರು. ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ ನನ್ನನ್ನೇ ಗದರಿದರು: "ಇದನ್ನೆಲ್ಲ ನೀವು ಮೊದಲೇ ಹೇಳಬಾರದಿತ್ತೇ?" ನಾನು ಅವರನ್ನು ನೋಡಿದ್ದೇ ಅಂದು! ಇರಲಿ, ಆ ಬೈಗುಳವನ್ನು ಒಪ್ಪಿಕೊಂಡೇ ಇಂದು ನಿಮ್ಮೆಲ್ಲರಿಗೂ ಮೊದಲೇ ಹೇಳುತ್ತಿದ್ದೇನೆ. ಕಲೆ ಕಾಣಿಸಿದ ಆ ವಾರವೇ ಒಂದು ಮೂತ್ರ ಪರೀಕ್ಷೆ ಮಾಡಿಕೊಂಡಿದ್ದರೆ ಆ ಹುಡುಗಿ ಅನುಮಾನದ ಕಣ್ಣುಗಳ ಎದುರು ಬದುಕಬೇಕಾಗಿರಲಿಲ್ಲ.

ಗಾಜಿನ ಆಚೆಯಿಂದ ರೇಡಿಯೋದವರು ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ.

ಪರೀಕ್ಷೆಯ ಕಿಟ್ ಔಷಧದ ಅಂಗಡಿಯಲ್ಲಿ ಸಿಗುತ್ತದೆ, ವೈದ್ಯರ ಚೀಟಿ ಬೇಕಾಗಿಲ್ಲ. ಬಸಿರಿನಲ್ಲಿ ಹೆಚ್ಚುವ ಎಚ್‌ಸಿಜಿ ಎಂಬ ಹಾರ್ಮೋನನ್ನು ಅದು ಮೂತ್ರದಲ್ಲಿ ಹುಡುಕುತ್ತದೆ. ಮುಟ್ಟು ಬರಬೇಕಾದ ದಿನ ದಾಟಿದ ಮೇಲೆ, ಬೆಳಿಗ್ಗೆ ಎದ್ದ ಕೂಡಲೇ ಬರುವ ಮೂತ್ರದಲ್ಲಿ ಮಾಡಿ. ಮುಟ್ಟಿನ ದಿನ ನೆನಪಿಲ್ಲವೇ? ದೇಹ ಸಂಪರ್ಕವಾಗಿ 3 ವಾರ ಕಳೆದ ಮೇಲೆ ಮಾಡಿ. ಪೊಟ್ಟಣದ ಮೇಲೆ ಬರೆದಷ್ಟೇ ನಿಮಿಷ ಕಾಯಿರಿ, ಬಸಿರಿದ್ದರೆ ಕಿಟ್‌ನಲ್ಲಿ ಎರಡು ಗೆರೆ ಮೂಡುತ್ತವೆ. ಒಂದು ಗಂಟೆ ಬಿಟ್ಟು ನೋಡಿದ ಗೆರೆಯನ್ನು ನಂಬಬೇಡಿ. ಸಮಯಕ್ಕೆ ಸರಿಯಾಗಿ ನೋಡಿದಾಗ ಎರಡನೆಯ ಗೆರೆ ತೆಳುವಾಗಿ ಮೂಡಿದ್ದರೂ ಅದು ಗೆರೆಯೇ, ಬಸಿರು ಎಂದೇ ತಿಳಿಯಿರಿ. ಎರಡನೆಯ ಗೆರೆ ಮೂಡದಿದ್ದರೆ ಒಂದು ವಾರ ಬಿಟ್ಟು ಇನ್ನೊಮ್ಮೆ ಮಾಡಿ. ಸ್ನೇಹಿತೆಯರನ್ನು ಕೇಳುವುದು, ಮೊಬೈಲ್‌ನಲ್ಲಿ ರಾತ್ರಿಯಿಡೀ ಹುಡುಕುವುದು, ಇವೆಲ್ಲ ಪರೀಕ್ಷೆಯಲ್ಲ. ಮೊಡವೆಗೆ ಕೊಡುವ ಐಸೊಟ್ರೆಟಿನೊಯಿನ್ ಮಾತ್ರೆ, ಮೂರ್ಛೆರೋಗಕ್ಕೆ ಕೊಡುವ ವಾಲ್ಪ್ರೋಯೇಟ್‌ನಂತಹ ಔಷಧಗಳು ಭ್ರೂಣಕ್ಕೆ ಹಾನಿ ಮಾಡುತ್ತವೆ. ಅಂತಹ ಔಷಧ ತೆಗೆದುಕೊಳ್ಳುತ್ತಿರುವವರು ಬಸಿರಿನ ಅನುಮಾನ ಬಂದ ದಿನವೇ ತಮ್ಮ ವೈದ್ಯರಿಗೆ ತಿಳಿಸಬೇಕು.

ಎರಡು ಸಲವೂ ಬಸಿರಿಲ್ಲವೆಂದು ಬಂದರೆ ಕಾರಣ ಬೇರೆ. ಗರ್ಭನಿರೋಧಕ ಮಾತ್ರೆ, ಚುಚ್ಚುಮದ್ದು, ಗರ್ಭಕೋಶದೊಳಗೆ ಇರಿಸುವ ಹಾರ್ಮೋನ್ ಇರುವ ವಂಕಿ, ಇವೆಲ್ಲ ಮುಟ್ಟನ್ನು ಕಡಿಮೆ ಮಾಡುತ್ತವೆ. ಥೈರಾಯ್ಡ್ ತೊಂದರೆ, ಪಿಸಿಒಎಸ್ ಎಂಬ ಹಾರ್ಮೋನ್ ಏರುಪೇರು, ತೂಕ ದಿಢೀರನೆ ಇಳಿಯುವುದು, ವಿಪರೀತ ವ್ಯಾಯಾಮ, ಮಾನಸಿಕ ಒತ್ತಡ, ನಲವತ್ತು ದಾಟಿದ ವಯಸ್ಸು, ಇವೂ ಕಾರಣಗಳೇ. ಒಂದೊಂದಕ್ಕೂ ಒಂದೊಂದು ಭಾಷಣ ಬೇಕು. ಮೂರು ತಿಂಗಳು ಹೀಗೇ ಆದರೆ ವೈದ್ಯರನ್ನು ಕಾಣಿ.

ಒಂದು ಎಚ್ಚರಿಕೆ ಮಾತ್ರ ಉಳಿದಿದೆ, ಇದಕ್ಕಾಗಿ ರೇಡಿಯೋದವರು ಕಾಯಲೇಬೇಕು. ಕೆಲವೊಮ್ಮೆ ಭ್ರೂಣ ಗರ್ಭಕೋಶಕ್ಕೆ ಬಾರದೆ ಗರ್ಭನಾಳದಲ್ಲೇ ಬೆಳೆಯತೊಡಗುತ್ತದೆ. ಆಗಲೂ ಕಾಣಿಸುವುದು ಇದೇ ಅಲ್ಪ ರಕ್ತ. ಅದರ ಜೊತೆಗೆ ಕೆಳಹೊಟ್ಟೆಯ ಒಂದು ಬದಿಯಲ್ಲಿ ತೀವ್ರ ನೋವು, ಭುಜದ ತುದಿಯಲ್ಲಿ ನೋವು, ತಲೆಸುತ್ತು ಅಥವಾ ಕಣ್ಣು ಕತ್ತಲೆ ಬಂದರೆ ಪರೀಕ್ಷೆಯ ಕಿಟ್ ಹುಡುಕುತ್ತ ಕೂರಬೇಡಿ. ನಾಳ ಒಡೆದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗುತ್ತದೆ, ಜೀವಕ್ಕೇ ಅಪಾಯ. ನಡುರಾತ್ರಿಯಾದರೂ ಸರಿ, ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಬಸಿರಿರಬಹುದು ಎಂಬ ಮಾತನ್ನು ಬಾಗಿಲಲ್ಲೇ ಹೇಳಿ.

ನಮಸ್ಕಾರ.